ಅರ್ಧ ಬೆಳಗಿದ ರಕ್ತ

ಜಯಮಾಲಾಳ ರಕ್ತ ಅರ್ಧ ಬೆಳಗಿತು, ಅರ್ಧ ಬೆಳಗಲಿಲ್ಲ. ರಗಳೆಯೆಲ್ಲ ಶುರುವಾದದ್ದು ಅಲ್ಲಿಂದ.

ಆಳಂದ ತಾಲೂಕಿನ ತೊಗರಿ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತ ಒಂದು ಸಂಶೋಧನಾ ಕೇಂದ್ರದಲ್ಲಿ ಅವಳು ಪಿಎಚ್‌ಡಿ ಮಾಡುತ್ತಿದ್ದಳು. ಮಣ್ಣೂರಿನ ಶಾಂತಲಿಂಗಪ್ಪನ ಮಗಳು ಅಲ್ಲೇನು ಮಾಡುತ್ತಾಳೆ ಎಂದು ಊರಲ್ಲಿ ಯಾರಾದರೂ ಕೇಳಿದರೆ ಅಪ್ಪ, ‘ದೀಪ ಮಾಡ್ತಾಳ್ರಿ’ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದ. ಅದೇನೂ ಪೂರಾ ಸುಳ್ಳಲ್ಲ. ನಮ್ಮ ರಕ್ತದ ಕಣಗಳಲ್ಲಿ ಗಂಧಕವನ್ನು ಬಾಲಕ್ಕೆ ಕಟ್ಟಿಕೊಂಡ ಸಣ್ಣ ಅಣುಗಳಿರುತ್ತವೆ. ಥಯಾಲ್ ಎಂಬುದು ಅವುಗಳ ಮನೆತನದ ಹೆಸರು, ಗ್ಲುಟಥಯೋನ್ ಆ ಮನೆಯ ಹಿರಿಯಕ್ಕ. ಕಣದೊಳಗೆ ಹೊಕ್ಕ ವಿಷವನ್ನೆಲ್ಲ ತನ್ನ ಮೈಮೇಲೆ ತೆಗೆದುಕೊಂಡು ಮನೆ ಚೊಕ್ಕಟವಾಗಿಡುವುದು ಆಕೆಯ ಕೆಲಸ. ಜಯಮಾಲಾ ತಯಾರಿಸಿದ್ದು ಒಂದು ಬಣ್ಣ. ಸುಮ್ಮನಿದ್ದಾಗ ಅದು ಕಪ್ಪಗೆ ಕೂತಿರುತ್ತದೆ. ಜೀವಂತ ಕಣದೊಳಗೆ ನುಗ್ಗಿ ಗ್ಲುಟಥಯೋನ್ ಕೈಗೆ ಸಿಕ್ಕಿತೆಂದರೆ ಮಾತ್ರ ಸೂಕ್ಷ್ಮದರ್ಶಕದ ಕೆಳಗೆ ಕೆಂಪಗೆ ಹೊಳೆಯುತ್ತದೆ. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಅವಳ ಪ್ರಾಯದ ಒಳ್ಳೊಳ್ಳೆಯ ವರ್ಷಗಳೆಲ್ಲ ಹೋಗಿದ್ದವು.

ಆ ಪ್ರಯೋಗಾಲಯದಲ್ಲಿ ಗೈಡ್ ದೌಲತರಾಯ ಸರ್ ಹಾಕಿಕೊಟ್ಟ ಒಂದು ಪದ್ಧತಿಯಿತ್ತು. ಯಾರ ಪ್ರಯೋಗವೋ, ಮೊದಲ ರಕ್ತ ಅವರದೇ. ಮಂದಿಯ ಕೈಗೆ ಸೂಜಿ ಚುಚ್ಚುವ ಮೊದಲು ನಿನ್ನ ಕೈಗೆ ಚುಚ್ಚಿಕೋ ಎನ್ನುವ ಮನುಷ್ಯ ಅವರು. ಹೀಗಾಗಿ ಜಯಮಾಲಾ ತನ್ನ ರಕ್ತವನ್ನೂ ಪಕ್ಕದ ಮೇಜಿನ ಗೆಳತಿ ಮಿನಾಜಳ ರಕ್ತವನ್ನೂ ತೆಗೆದು ಕಠಿಣ ಪರೀಕ್ಷೆಗೆ ಒಡ್ಡಿದಳು. ಮೊದಲು ಕಣದೊಳಗಿನ ಗ್ಲುಟಥಯೋನನ್ನೆಲ್ಲ ಸುಟ್ಟುಹಾಕುವ ಒಂದು ರಾಸಾಯನಿಕ. ಆಮೇಲೆ ಒಂದಿಷ್ಟು ಸಕ್ಕರೆ ನೀರು, ಒಂದಿಷ್ಟು ಬಿಡುವು. ಆರೋಗ್ಯವಂತ ಕಣ ಆ ಬಿಡುವಿನಲ್ಲಿ ಚೇತರಿಸಿಕೊಂಡು, ಕಳೆದುಕೊಂಡದ್ದನ್ನು ಮತ್ತೆ ಸಂಪಾದಿಸುತ್ತದೆ. ಆಗ ಬಣ್ಣ ಹಾಕಿ ನೋಡಬೇಕು. ಮಿನಾಜಳ ಕಣಗಳೆಲ್ಲ ಹೊಳೆದವು. ಜಯಮಾಲಾಳ ಕಣಗಳಲ್ಲಿ ಅರ್ಧ ಹೊಳೆದವು, ಉಳಿದರ್ಧ ಇದ್ದಿಲಿನ ಹಾಗೆ ಬಿದ್ದುಕೊಂಡಿದ್ದವು.

ದೌಲತರಾಯ ಸರ್ ಚಿತ್ರ ನೋಡಿ, ಕನ್ನಡಕ ಹಣೆಗೇರಿಸಿ, ನಿನ್ನ ರಕ್ತ ಬಿಟ್ಟುಬಿಡು, ಮಿನಾಜಳದು ಛಲೋ ಬಂದಿದೆ, ಅದನ್ನೇ ಪ್ರಬಂಧಕ್ಕೆ ಹಾಕಿ ಕಳಿಸು ಎಂದರು. ಅವರದೂ ತಪ್ಪೆನ್ನುವಂತಿಲ್ಲ. ಸಂಶೋಧನಾ ಪತ್ರಿಕೆಯವರು ಕಾಯುತ್ತಿದ್ದರು, ಫೆಲೋಶಿಪ್ ಮುಗಿಯುತ್ತ ಬಂದಿತ್ತು, ಸರ್ ಅವರ ನಿವೃತ್ತಿಯೂ ಹೊಸ್ತಿಲಲ್ಲಿತ್ತು. ಒಬ್ಬಳ ರಕ್ತ ಸರಿಯಾಗಿ ಬಣ್ಣ ಕುಡಿಯಲಿಲ್ಲವೆಂದರೆ ಪ್ರಪಂಚ ಮುಳುಗುವುದಿಲ್ಲ. ಆದರೆ ಬಿಟ್ಟುಬಿಡು ಎಂಬ ಮಾತು ಜಯಮಾಲಾಳಿಗೆ ಹುಟ್ಟಿದಾರಭ್ಯ ಆಗಿಬಂದಿರಲಿಲ್ಲ. ಚಿಕ್ಕವಳಿದ್ದಾಗ ಭೀಮಾ ನದಿಯಲ್ಲಿ ಈಜು ಬರುವುದಿಲ್ಲವೆಂದು ಅಕ್ಕ ನಕ್ಕದ್ದಕ್ಕೆ ಬೇಸಿಗೆ ರಜೆಯನ್ನೆಲ್ಲ ನೀರಲ್ಲೇ ಕಳೆದವಳು ಅವಳು.

‘ಸರ, ನನ್ನ ದೀಪ ಅರ್ಧಕ್ಕ ಹತ್ತಿ ಅರ್ಧಕ್ಕ ಹತ್ತಲಿಲ್ಲಂದ್ರ, ಒಂದೋ ದೀಪ ಸುಳ್ಳದ, ಇಲ್ಲಾ ರಕ್ತ ಸುಳ್ಳದ. ಯಾವುದಂತ ಗೊತ್ತಾಗದ ನಾ ಕಳಸಂಗಿಲ್ರಿ’ ಎಂದಳು.

ಸರ್ ಬೈಯಲಿಲ್ಲ. ತಿಂಗಳ ಕೊನೆಯವರೆಗೆ ನೋಡು, ಆಮೇಲೆ ನನ್ನ ಮಾತು ಕೇಳಬೇಕು ಎಂದು ಹೇಳಿ ಚಹಾಕ್ಕೆ ಹೋದರು.

ಅವಳು ಹಟಕ್ಕೆ ಬಿದ್ದಳೆಂದರೆ ಬಿದ್ದಳೇ. ಬಣ್ಣ ಹಳೆಯದಾಗಿದೆಯೇನೋ ಎಂದು ಹೊಸದಾಗಿ ತಯಾರಿಸಿದಳು. ಕಣಗಳು ಒಂದಕ್ಕೊಂದು ಅಂಟಿಕೊಂಡು ಬಣ್ಣ ಒಳಗೆ ಹೋಗುತ್ತಿಲ್ಲವೇನೋ ಎಂದು ತೊಳೆದು ತೊಳೆದು ನೋಡಿದಳು. ತನ್ನ ಕೈಗುಣವೇ ಸರಿಯಿಲ್ಲವೇನೋ ಎಂದು ಮಿನಾಜಳ ಕೈಯಲ್ಲಿ ಮಾಡಿಸಿದಳು, ಅದೂ ಯಾರ ರಕ್ತ ಯಾವುದೆಂದು ಹೇಳದೆ. ಮಿನಾಜ ಮುಖ ಗಂಟಿಕ್ಕಿಕೊಂಡು ಕೂತು, ಈ ಕೊಳವೆಯಲ್ಲಿ ಎಲ್ಲ ಬೆಳಕು, ಈ ಕೊಳವೆಯಲ್ಲಿ ಅರ್ಧ ಬೆಳಕು, ಇದು ನಿನ್ನದೇ ತಾನೆ ಎಂದು ಬೆರಳಿಟ್ಟು ತೋರಿಸಿದಳು. ರಾಸಾಯನಿಕದಲ್ಲಿ ಸುಡದೆ ನೋಡಿದರೆ ಜಯಮಾಲಾಳ ಕಣಗಳೂ ಎಲ್ಲರ ಕಣಗಳ ಹಾಗೇ ಹೊಳೆಯುತ್ತಿದ್ದವು. ಸುಟ್ಟ ಮೇಲೆ ಮಾತ್ರ ಅರ್ಧಕ್ಕೆ ಏಳುವ ತ್ರಾಣವಿರಲಿಲ್ಲ.

ತಲೆ ಚಿಟ್ಟುಹಿಡಿದು ಕೂತಾಗ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಬಣ್ಣದ ದೋಷವಾಗಿದ್ದರೆ ಒಂದು ಕಣ ಜಾಸ್ತಿ, ಒಂದು ಕಡಿಮೆ, ಒಂದು ಮಂಕು, ಹೀಗೆ ಎಲ್ಲ ನಮೂನೆ ಇರಬೇಕಿತ್ತು. ಇಲ್ಲಿ ಹಾಗಿಲ್ಲ. ಹೊಳೆಯುವವು ಚೆನ್ನಾಗಿಯೇ ಹೊಳೆಯುತ್ತವೆ, ಹೊಳೆಯದವು ಎಳ್ಳಷ್ಟೂ ಹೊಳೆಯುವುದಿಲ್ಲ. ನಡುವಿನದು ಒಂದೂ ಇಲ್ಲ. ಅಂದರೆ ತನ್ನ ಮೈಯಲ್ಲಿ ಹರಿಯುತ್ತಿರುವುದು ಎರಡು ಜಾತಿಯ ರಕ್ತ.

ಅದನ್ನು ಬಾಯಿಬಿಟ್ಟು ಹೇಳಿದ ಕೂಡಲೇ ಮಿನಾಜ ಅವಳ ಮುಖ ನೋಡಿದಳು. ಇಬ್ಬರಿಗೂ ಪುಸ್ತಕದಲ್ಲಿ ಓದಿದ್ದು ಒಟ್ಟಿಗೇ ನೆನಪಾಗಿತ್ತು. ಹೆಂಗಸಿನ ದೇಹದಲ್ಲಿ ಎಕ್ಸ್ ಎಂಬ ವರ್ಣತಂತು ಎರಡಿರುತ್ತವೆ, ತಾಯಿಯದೊಂದು ತಂದೆಯದೊಂದು. ಮೂಳೆಯ ಮಜ್ಜೆಯಲ್ಲಿ ರಕ್ತ ಹಡೆಯುವ ಪ್ರತಿಯೊಂದು ತಾಯಿಕಣವೂ ಅವೆರಡರಲ್ಲಿ ಒಂದನ್ನು ಮಡಚಿಟ್ಟು ಇನ್ನೊಂದರಲ್ಲಿ ಸಂಸಾರ ನಡೆಸುತ್ತದೆ. ಸುಟ್ಟ ಗ್ಲುಟಥಯೋನನ್ನು ಮತ್ತೆ ಮೇಲೆತ್ತಲು ಜಿ-ಸಿಕ್ಸ್-ಪಿಡಿ ಎಂಬ ಒಂದು ಕಿಣ್ವ ಬೇಕು, ಅದರ ಸೂತ್ರ ಇರುವುದು ಇದೇ ಎಕ್ಸ್‌ನಲ್ಲಿ. ಎರಡರಲ್ಲಿ ಒಂದು ಕೆಟ್ಟಿದ್ದರೆ ಹೆಂಗಸಿನ ರಕ್ತ ಅರ್ಧ ಗಟ್ಟಿ, ಅರ್ಧ ಪೊಳ್ಳು. ಗಟ್ಟಿ ಅರ್ಧ ಪೊಳ್ಳು ಅರ್ಧವನ್ನು ಹೊತ್ತುಕೊಂಡು ಬದುಕು ಸಾಗಿಸುತ್ತದೆ, ಅವಳಿಗೆ ಗೊತ್ತೇ ಆಗುವುದಿಲ್ಲ. ಗಂಡಸಿಗೆ ಇರುವುದು ಒಂದೇ ಎಕ್ಸ್, ಅದೂ ತಾಯಿ ಕೊಟ್ಟದ್ದು. ಅದು ಕೆಟ್ಟಿದ್ದರೆ ಅವನ ರಕ್ತವೆಲ್ಲ ಪೊಳ್ಳು. ಕೆಲವು ಮಲೇರಿಯಾ ಗುಳಿಗೆ, ಕೆಲವು ಘಾಟು ವಸ್ತು ತಾಕಿದರೂ ಸಾಕು, ಕಣಗಳು ಒಡೆದು ಮೈ ಹಳದಿಯಾಗುತ್ತದೆ. ಹಸುಗೂಸಾದರೆ ಜೀವಕ್ಕೇ ಸಂಚಕಾರ.

ಜಯಮಾಲಾಳಿಗೆ ತನ್ನ ಮನೆ ನೆನಪಾಯಿತು. ಅವಳು ಹುಟ್ಟುವ ಮೊದಲು ಮನೆಯಲ್ಲಿ ಒಬ್ಬ ಅಣ್ಣ ಹುಟ್ಟಿ, ತಿಂಗಳೂ ತುಂಬದೆ ಕಾಮಣಿಯಾಗಿ, ಮೈ ಹಳದಿಯಾಗಿ ಹೋಗಿದ್ದ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಈಗ ಅಕ್ಕ ಶಿವಕಾಂತಾ ಬಾಣಂತನಕ್ಕೆ ಮಣ್ಣೂರಿಗೆ ಬಂದಿದ್ದಳು, ಅವಳ ಮಗ್ಗುಲಲ್ಲಿ ಮಲಗಿದ್ದದ್ದು ಗಂಡು ಕೂಸು.

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ತನ್ನ ರಕ್ತ ಕೊಟ್ಟು ಕಿಣ್ವದ ಪರೀಕ್ಷೆ ಮಾಡಿಸಿದಳು. ಎಲ್ಲ ಸರಿ ಇದೆ ಎಂದು ಬಂತು. ಬರುವುದೇ ಹಾಗೆ. ಆ ಪರೀಕ್ಷೆ ರಕ್ತವನ್ನೆಲ್ಲ ಕಲಸಿ ಒಟ್ಟು ಎಷ್ಟಿದೆ ಎಂದು ನೋಡುತ್ತದೆ, ಗಟ್ಟಿ ಅರ್ಧ ಪೊಳ್ಳು ಅರ್ಧದ ಮಾನ ಮುಚ್ಚಿಬಿಡುತ್ತದೆ. ಒಂದೊಂದೇ ಕಣವನ್ನು ಬೇರೆ ಮಾಡಿ ತೋರಿಸುವುದು ಅವಳ ಬಣ್ಣ ಮಾತ್ರ. ಅದನ್ನು ಜಗತ್ತಿನಲ್ಲಿ ಇನ್ನೂ ಯಾರೂ ಒಪ್ಪಿರಲಿಲ್ಲ. ಎಂಥ ಫಜೀತಿ ನೋಡಿ.

ಅವ್ವನಿಗೆ ಫೋನು ಮಾಡಿದಳು. ಗುರುಬಾಯಿ ಹಿಗ್ಗಿನಲ್ಲಿದ್ದಳು. ಬರುವ ರವಿವಾರ ಕೂಸನ್ನು ತೊಟ್ಟಿಲಿಗೆ ಹಾಕುವುದು, ಜೇವರ್ಗಿಯಿಂದ ಬೀಗರು ಬರುತ್ತಾರೆ, ತಮ್ಮ ಮನೆತನದ ಕುಂಚಿಗೆ ತರುತ್ತಾರೆ ಎಂದೆಲ್ಲ ಹೇಳಿದಳು. ಕುಂಚಿಗೆಯೆಂದರೆ ಕೂಸಿನ ತಲೆಗೂ ಬೆನ್ನಿಗೂ ಕೂಡಿಯೇ ಹೊದಿಸುವ ಟೋಪಿ. ಬೀಗರದು ಜರಿಯದು, ನೀರು ಸೋಕಿಸದೆ ಕಾಪಾಡಿಕೊಂಡು ಬಂದದ್ದು. ಆ ಮನೆಯ ಗಂಡು ಕೂಸು ಅದನ್ನು ತೊಟ್ಟು ತೊಟ್ಟಿಲು ಸೇರಿದರೆ ಮುಂದಿನ ವಾರದ ಸೋಮವಾರದವರೆಗೂ ಬಿಚ್ಚುವಂತಿಲ್ಲ, ಅದರಲ್ಲೇ ಮಲಗಬೇಕು, ಅದರಲ್ಲೇ ಏಳಬೇಕು. ಹುಳ ಹಿಡಿಯದಂತೆ ಟ್ರಂಕಿನಲ್ಲಿ ಮುಷ್ಟಿಗಟ್ಟಲೆ ಡಾಂಬರ ಗುಳಿಗೆ ಹಾಕಿ ಇಟ್ಟಿದ್ದಾರಂತೆ, ಎಷ್ಟು ಜೋಪಾನ ಮಂದಿ ನೋಡು ಎಂದು ಅವ್ವ ಹೊಗಳಿದಳು.

ನಾನೇ ಬರುತ್ತೇನೆ ಎಂದಷ್ಟೇ ಹೇಳಿ ಜಯಮಾಲಾ ಫೋನು ಇಟ್ಟಳು. ಡಾಂಬರ ಗುಳಿಗೆ ಎಂದರೆ ನ್ಯಾಫ್ತಲೀನ್. ಈ ಕಿಣ್ವವಿಲ್ಲದ ಕೂಸಿಗೆ ತಾಕಿಸಬಾರದ್ದು ಯಾವುದು ಎಂದು ಅವಳು ಓದಿದ ಪ್ರತಿ ಪುಸ್ತಕದಲ್ಲೂ ಅದರ ಹೆಸರು ಮೊದಲ ಸಾಲಿನಲ್ಲೇ ಇತ್ತು.

ಮರುದಿನವೇ ಐಸ್ ತುಂಬಿದ ಸಣ್ಣ ಡಬ್ಬಿ ಹಿಡಿದು ಅಫಜಲಪುರದ ಬಸ್ಸು ಹತ್ತಿದಳು. ಥಯಾಲುಗಳ ಜೊತೆ ಸಂಸಾರ ಮಾಡುವವರ ಬಟ್ಟೆಗೆ ಒಂದು ವಾಸನೆ ಅಂಟಿಕೊಂಡಿರುತ್ತದೆ, ಅಡುಗೆ ಗ್ಯಾಸಿಗೆ ಬೆರೆಸುವ ದುರ್ನಾತವೂ ಅದೇ ಕುಲದ್ದು. ಬಸ್ಸು ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಯಾರೋ ಸಿಲಿಂಡರ್ ಸೋರುತ್ತಿದೆ ಎಂದು ಎದ್ದು ನಿಂತರು. ಕಂಡಕ್ಟರ್ ಕರೀಮಸಾಬ ಸೀಟಿ ಊದಿ ಬಸ್ಸು ನಿಲ್ಲಿಸಿ, ಚೀಲ ಗಂಟುಗಳನ್ನೆಲ್ಲ ಮೂಸಿ ಮೂಸಿ ಕೊನೆಗೆ ಜಯಮಾಲಾಳ ಮುಂದೆ ಬಂದು ನಿಂತ. ಅವಳು ತಾನೇ ಕಾರಣ, ಇದು ತನ್ನ ಕೆಲಸದ ವಾಸನೆ ಎಂದು ಒಪ್ಪಿಕೊಂಡಳು. ಅವನು ಅವಳನ್ನು ಹಿಂದಿನ ಕಿಟಕಿಯ ಬಳಿ ಕೂಡಿಸಿ, ಕಿಟಕಿ ಪೂರ್ತಿ ತೆರೆದು ಹೋದ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಮಣ್ಣೂರಿನಲ್ಲಿ ಬಾಣಂತಿ ಕೋಣೆ ಲೋಬಾನದ ಹೊಗೆಯಿಂದ ತುಂಬಿತ್ತು. ಕೂಸು ಹಳೆಯ ಧೋತರದ ತುಂಡಿನಲ್ಲಿ ಗುಂಡಗೆ ಮಲಗಿತ್ತು, ಕಣ್ಣಿನ ಬಿಳಿ ಮಾತ್ರ ಒಂದಿಷ್ಟು ಹಳದಿ. ಎಲ್ಲ ಕೂಸಿಗೂ ಆಗುವುದು ಎಂದು ಅವ್ವ ಹೇಳಿದಳು. ಜಯಮಾಲಾ ಇದ್ದದ್ದನ್ನು ಇದ್ದಂತೆ ಹೇಳಿ, ಅವ್ವನ ಬೆರಳಿನಿಂದ ಒಂದು ಹನಿ, ಅಕ್ಕನ ಬೆರಳಿನಿಂದ ಒಂದು ಹನಿ ತೆಗೆದುಕೊಂಡಳು. ಹಸುಗೂಸಿಗೆ ಸೂಜಿ ಚುಚ್ಚುವುದು ಡಾಕ್ಟರ ಕೆಲಸವೆಂದು ಅದನ್ನು ಮುಟ್ಟಲಿಲ್ಲ. ಶಿವಕಾಂತಾ ಮಾತು ಬೆಳೆಸಲಿಲ್ಲ. ಹೆತ್ತವಳ ಜೀವ, ತಂಗಿಯ ಮುಖ ನೋಡಿಯೇ ಅವಳಿಗೆ ಅರ್ಥವಾಗಿತ್ತು. ಗಂಡ ಸಂಜುಕುಮಾರನಿಗೆ ಫೋನು ಮಾಡಿ ಕಾರು ತರಿಸಿ, ಕೂಸನ್ನು ಕಲಬುರಗಿಗೆ ಒಯ್ದು ರಕ್ತ ಕೊಡಿಸಿಯೇಬಿಟ್ಟಳು. ಗಂಡು ಕೂಸಿನ ರಕ್ತದಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಅಲ್ಲಿನ ಪರೀಕ್ಷೆ ನಿಜ ಹೇಳುತ್ತದೆ. ಆದರೆ ಅದು ಹೊರಗಿನ ದೊಡ್ಡ ಊರಿಗೆ ಹೋಗಿ ಬರಬೇಕು, ತೊಟ್ಟಿಲ ದಿನದೊಳಗೆ ಬರುವ ಮಾತಿಲ್ಲ ಎಂದರು.

ಅಪ್ಪ ಮಾತ್ರ ಉರಿದುಬಿದ್ದ. ಕೂಸಿನ ಮೇಲೆ ಅಕ್ಕರೆಯಿಲ್ಲ ಎಂದಲ್ಲ. ಬೀಗರು ಒಳ್ಳೆಯ ಮಂದಿಯೇ, ಆದರೂ ಬೀಗರು ಬೀಗರೇ. ಹೆಣ್ಣು ಕೊಟ್ಟವರು ತಮ್ಮ ಮನೆಯ ರಕ್ತದಲ್ಲಿ ಐಬಿದೆ ಎಂದು ತಾವೇ ಡಂಗುರ ಹೊಡೆದರೆ ನಾಳೆ ಶಿವಕಾಂತಾಳ ಗತಿಯೇನು, ಮದುವೆಯಾಗಬೇಕಾದ ನಿನ್ನ ಗತಿಯೇನು ಎಂದು ಕೇಳಿದ. ಆಸ್ಪತ್ರೆಯವರೇ ಸರಿ ಇದೆ ಎಂದ ಮೇಲೆ ನಿನ್ನದೇನು ಹೆಚ್ಚಿನದು ಎಂದೂ ಕೇಳಿದ. ಅವ್ವ ಒಲೆಯ ಮುಂದೆ ಕೂತು ಬೆರಳಿಗೆ ಒತ್ತಿಕೊಂಡಿದ್ದ ಹತ್ತಿಯನ್ನು ನೋಡುತ್ತಿದ್ದಳು.

ಜಯಮಾಲಾ ವಾಪಸು ಹೋಗಿ ಎರಡು ಹನಿಯನ್ನೂ ಪರೀಕ್ಷೆಗಿಟ್ಟಳು. ಮಿನಾಜ ಪಕ್ಕದಲ್ಲಿ ನಿಂತಿದ್ದಳು. ಅಕ್ಕನ ರಕ್ತ ಅರ್ಧ ಬೆಳಗಿತು. ಅವ್ವನ ರಕ್ತವೂ ಅರ್ಧ ಬೆಳಗಿತು. ತನ್ನ ಬಣ್ಣ ಗೆದ್ದಿತೆಂದು ಜಯಮಾಲಾ ಕುಣಿಯಬೇಕಾದ ಗಳಿಗೆ ಅದು. ಅವಳು ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡಳು.

ದೌಲತರಾಯ ಸರ್ ಬಂದು ಮೂರೂ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ಬಹಳ ಹೊತ್ತು ನೋಡಿದರು. ಬಿಟ್ಟುಬಿಡು ಅಂದಿದ್ದೆ, ನೀನು ಬಿಡದಿದ್ದದ್ದು ಛಲೋ ಆಯಿತು ಎಂದು ನೇರವಾಗಿಯೇ ಹೇಳಿದರು. ಪ್ರಬಂಧ ಇನ್ನೊಂದು ತಿಂಗಳು ಕಾಯಲಿ, ಪತ್ರಿಕೆಯವರಿಗೆ ನಾನು ಬರೆಯುತ್ತೇನೆ, ನೀನು ಮೊದಲು ಊರಿಗೆ ಹೋಗು ಎಂದರು. ಕೂಸಿಗೆ ಅಪಾಯವಿರುವುದು ಅರ್ಧಕ್ಕರ್ಧ, ಇದೆಯೋ ಇಲ್ಲವೋ ಎರಡೂ ಸಮ. ವರದಿ ಬಂದರೆ ಮಾತ್ರ ಗೊತ್ತಾಗುವುದು. ಅಷ್ಟರೊಳಗೆ ರವಿವಾರ ಬಂದುಬಿಟ್ಟಿತು.

ಬೀಗರು ಕಾರಿನಿಂದಿಳಿದಾಗ ಮಣ್ಣೂರಿನ ಮನೆ ತುಂಬಿತ್ತು. ಶಿವಕಾಂತಾಳ ಅತ್ತೆ ಬಸವೇಶ್ವರಿ ಗಂಭೀರ ಹೆಂಗಸು. ಹಣೆಯ ತುಂಬ ವಿಭೂತಿ, ಮಾತು ಕಡಿಮೆ, ಆಡಿದ್ದನ್ನು ಯಾರೂ ತೆಗೆದುಹಾಕುವಂತಿಲ್ಲ. ಆಕೆ ನಡುಮನೆಯಲ್ಲಿ ತೊಟ್ಟಿಲ ಪಕ್ಕ ಕೂತು ಗಂಟು ಬಿಚ್ಚಿದಳು. ಜರಿಯ ಕುಂಚಿಗೆ ಹೊರಬಂತು, ಅದರ ಹಿಂದೆಯೇ ವಾಸನೆಯೂ ಬಂತು. ಲೋಬಾನದ ಹೊಗೆಯನ್ನು ಸೀಳಿಕೊಂಡು ನಡುಮನೆಯ ಮೂಲೆಮೂಲೆಗೂ ಡಾಂಬರ ಗುಳಿಗೆ ಘಮ್ಮೆಂದಿತು. ನೆರೆದ ಹೆಂಗಸರು ಕುಂಚಿಗೆಯ ಅಂದ ನೋಡಿ ತಲೆದೂಗಿದರು.

ಜಯಮಾಲಾ ಮುಂದೆ ಬಂದು ತೊಟ್ಟಿಲ ಹಗ್ಗ ಹಿಡಿದು ನಿಂತಳು. ಅಪ್ಪ ಕಣ್ಣಿನಲ್ಲೇ ಬೇಡವೆಂದ. ಅವಳು ನೋಡಿಯೂ ನೋಡದಂತೆ ಇದ್ದಳು. ಈ ವಾಸನೆ ಕೂಸಿಗೆ ಆಗಿಬರುವುದಿಲ್ಲ, ಕಲಬುರಗಿಯಿಂದ ವರದಿ ಬರುವವರೆಗೂ ಕುಂಚಿಗೆ ತೊಡಿಸುವುದು ಬೇಡ ಎಂದು ತನಗೆ ತಿಳಿದಷ್ಟು ಮೆತ್ತಗೆ ಹೇಳಿದಳು. ಸೂಕ್ಷ್ಮದರ್ಶಕದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದಳು. ಕೆಂಪು ಚುಕ್ಕೆ, ಕರಿ ಚುಕ್ಕೆ. ಹೆಂಗಸರು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ನೋಡಿ, ತಿಳಿಯದೆ ವಾಪಸು ಕೊಟ್ಟರು. ಬಿಸಿಲಿಗೆ ಒಂದು ತಾಸು ಹಾಕಿದರೆ ಆದೀತಲ್ಲ ಎಂದು ಸಂಜುಕುಮಾರ ನಡುವೆ ದಾರಿ ಹುಡುಕಿದ. ದಟ್ಟವಾಗಿ ಹೊಕ್ಕ ಘಾಟು ತಾಸಿನಲ್ಲಿ ಹೋಗುವುದಿಲ್ಲ, ಒಗೆಯಬೇಕು, ದಿನಗಟ್ಟಲೆ ಗಾಳಿಗೆ ಹಾಕಬೇಕು ಎಂದಳು ಜಯಮಾಲಾ. ಒಗೆಯುವ ಮಾತು ಬಂದದ್ದೇ ಬಸವೇಶ್ವರಿಯ ಮುಖ ಬಿಗಿಯಿತು.

‘ನಮ್ಮ ಮನಿ ಗಂಡಸರು ಎಲ್ಲಾರೂ ಇದ್ರಾಗ ಮಲಗೇ ದೊಡ್ಡವರಾಗ್ಯಾರ. ನಮ್ಮ ಮಾವನವರು, ನನ್ನ ಗಂಡ, ಇಗೋ ಇಲ್ಲಿ ನಿಂತಾನಲ್ಲ, ನನ್ನ ಮಗ. ಯಾರಿಗೇನಾಗ್ಯದ ಹೇಳವ್ವ?’

ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರವೂ ಜಯಮಾಲಾಳ ನಾಲಿಗೆಯ ತುದಿಯಲ್ಲೇ ಇತ್ತು. ನಿಮ್ಮ ಮನೆಯ ರಕ್ತ ಗಟ್ಟಿ, ಅದಕ್ಕೆ ಅವರಿಗೆ ಏನೂ ಆಗಲಿಲ್ಲ. ಈ ಕೂಸಿಗೆ ಎಕ್ಸ್ ಬಂದದ್ದು ನಮ್ಮ ಮನೆಯಿಂದ. ಆದರೆ ಹಾಗೆನ್ನುವುದೆಂದರೆ ಊರ ಹೆಂಗಸರ ಮುಂದೆ, ಬೀಗರ ಮುಂದೆ, ಅಪ್ಪ ಹೆದರಿದ್ದ ಮಾತನ್ನೇ ಆಡುವುದು. ಬಾಣಂತಿ ಕೋಣೆಯ ಬಾಗಿಲಲ್ಲಿ ಅಕ್ಕ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ನಾನೇ ಹೇಳಬೇಕು, ಏನಾದರಾಗಲಿ ಎಂದು ಜಯಮಾಲಾ ಬಾಯಿ ತೆರೆಯುವುದಕ್ಕೂ ಅಡುಗೆಮನೆಯಿಂದ ಅವ್ವ ಹೊರಗೆ ಬರುವುದಕ್ಕೂ ಸರಿಹೋಯಿತು.

ಗುರುಬಾಯಿ ಹೂರಣದ ಕೈಯನ್ನು ಸೆರಗಿಗೆ ಒರೆಸುತ್ತ ಬಂದಿದ್ದಳು. ನಡುಮನೆಯ ಹೊಸ್ತಿಲಲ್ಲಿ ನಿಂತವಳೇ ಮೂಗು ಮೇಲೆತ್ತಿ ಒಮ್ಮೆ ಉಸಿರೆಳೆದುಕೊಂಡಳು. ಕುಂಚಿಗೆಯ ಹತ್ತಿರ ಬಂದು ಕೂತು, ಅದನ್ನು ಕೈಗೆತ್ತಿಕೊಂಡು ಮೂಸಿದಳು.

‘ಇದ ವಾಸನಿ’ ಎಂದಳು. ‘ಅಕ್ಕಾರ, ನನ್ನ ಮದಲನೇ ಮಗನ್ನ ನಾ ನನ್ನ ಮದಿವಿ ಸೀರ್ಯಾಗ ಸುತ್ತಿದ್ದೆ. ಛಳಿ ದಿನ ಇದ್ದುವು. ಟ್ರಂಕಿನ್ಯಾಗಿಂದು ತಗದು, ಬೆಚ್ಚಗಿರ್ಲಂತ ಹಗಲಾ ರಾತ್ರಿ ಸುತ್ತಿದ್ದೆ. ಅದಕ್ಕೂ ಹಿಂಗ ವಾಸನಿ ಇತ್ತು. ಕೂಸು ಅರಿಷಿಣ ಆತು. ಹೆಸರ ಇಡೋದ್ರಾಗ ಹ್ವಾದ.’

ಅಪ್ಪ ಗೋಡೆಯ ಕಡೆ ತಿರುಗಿಕೊಂಡ.

‘ಕಲ್ಲಿನಾಥ ಅಂತ ಇಡಬೇಕಂತಿದ್ದೆ. ಇವತ್ತಿನ ತನಕ ಯಾರ ಮುಂದೂ ಆ ಹೆಸರ ತಗದಿಲ್ಲ. ನಿಮ್ಮ ಕುಂಚಿಗ್ಯಾಗ ದೋಷಿಲ್ರಿ ಅಕ್ಕಾರ. ನನ್ನ ರಕ್ತದಾಗ ಅದ. ಅದು ನನ್ನ ಮಗಳಿಗೆ ಬಂದದ. ಮೊಮ್ಮಗಗ ಬಂದದೋ ಇಲ್ಲೋ ಗೊತ್ತಿಲ್ಲ. ಗೊತ್ತಾಗೋ ತನಕ ನಾ ಇದನ್ನ ಹಾಕಸಂಗಿಲ್ಲ. ನೀವು ಸಿಟ್ಟಾಗ್ರಿ, ಎದ್ದ ಹೋಗ್ರಿ. ನಾ ಹಾಕಸಂಗಿಲ್ಲ.’

ಬೀಗತಿಯ ಎದುರು ಯಾವತ್ತೂ ದನಿಯೆತ್ತದ ಹೆಂಗಸು. ಈಗಲೂ ಎತ್ತಲಿಲ್ಲ, ಸಣ್ಣ ದನಿಯಲ್ಲೇ ಹೇಳಿ ಮುಗಿಸಿದಳು. ಬಸವೇಶ್ವರಿ ಏನು ಯೋಚಿಸಿದಳೋ ಯಾರಿಗೂ ತಿಳಿಯಲಿಲ್ಲ. ಗುರುಬಾಯಿಯ ಕೈಯಿಂದ ಕುಂಚಿಗೆ ಇಸಿದುಕೊಂಡು ಗಂಟು ಕಟ್ಟಿ, ಕಾರಿನಲ್ಲಿಟ್ಟು ಬಾ, ಕೈ ಸಬಕಾರದಿಂದ ತೊಳೆದುಕೊಂಡು ಬಾ ಎಂದು ಮಗನಿಗೆ ಹೇಳಿದಳು. ತಾನೂ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದು, ಸೀರೆ ಬದಲಿಸಿಕೊಂಡೇ ಬಂದು ಕೂಸನ್ನು ತೊಡೆಗೆ ತೆಗೆದುಕೊಂಡಳು. ಸೋದರತ್ತೆಯಾದ ಸಂಜುಕುಮಾರನ ತಂಗಿ ಕೂಸಿನ ಕಿವಿಯಲ್ಲಿ ಶಿವಪ್ರಭು ಎಂದು ಹೆಸರು ಕರೆದಳು. ಆ ಮನೆತನದ ಗಂಡು ಕೂಸು ಧೋತರದ ತುಂಡಿನಲ್ಲೇ ತೊಟ್ಟಿಲು ಸೇರಿತು.

ವರದಿ ಬಂದದ್ದು ಮುಂದಿನ ವಾರ. ಕೂಸಿನ ರಕ್ತದಲ್ಲಿ ಆ ಕಿಣ್ವ ಇಲ್ಲವೆಂಬಷ್ಟು ಕಡಿಮೆಯಿತ್ತು. ಎಚ್ಚರದಿಂದಿದ್ದರೆ ಎಲ್ಲರಂತೆ ಬೆಳೆಯುತ್ತಾನೆ, ಯಾವ ಯಾವ ಔಷಧಿ ಕೊಡಬಾರದು, ಯಾವ ಯಾವ ವಸ್ತು ತಾಕಿಸಬಾರದು ಎಂದು ಡಾಕ್ಟರು ಸಂಜುಕುಮಾರನನ್ನು ಕೂಡಿಸಿಕೊಂಡು ವಿವರವಾಗಿ ಹೇಳಿದರು. ಜೇವರ್ಗಿಯ ಮನೆಯ ಟ್ರಂಕುಗಳನ್ನೆಲ್ಲ ಬಸವೇಶ್ವರಿ ತಾನೇ ನಿಂತು ಅಂಗಳಕ್ಕೆ ಹೊರಿಸಿ ತೊಳೆಸಿದಳೆಂದು ಸುದ್ದಿ ಬಂತು. ಜಯಮಾಲಾಳ ಪ್ರಬಂಧದಲ್ಲಿ ಈಗ ಮೊದಲ ಚಿತ್ರವೇ ಅವಳ ರಕ್ತದ್ದು. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೂ ಅವಳು ಮಣ್ಣೂರಿಗೆ ಬಂದಳು, ಅವ್ವನ ಮುಖ ನೋಡಿ ಹೇಳಬೇಕೆಂದು.

ಗುರುಬಾಯಿ ಹಿತ್ತಿಲ ಬಾಗಿಲ ಬಿಸಿಲಿನಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಒಳಗೆ ಶಿವಕಾಂತಾ ಕೂಸಿಗೆ ಮೊಲೆಯೂಡಿಸುತ್ತಿದ್ದಳು, ಅದು ಗುಟುಕು ಗುಟುಕಾಗಿ ಕುಡಿಯುವ ಸದ್ದು ಹೊರಗೂ ಕೇಳುತ್ತಿತ್ತು. ಜಯಮಾಲಾ ಎಲ್ಲ ಹೇಳಿ ಮುಗಿಸಿದ ಮೇಲೂ ಅವ್ವ ಶೇಂಗಾ ಬಿಡಲಿಲ್ಲ. ನನ್ನ ಸೀರೆಯಿಂದಲೇ ಆಯಿತೇನು ಅದು ಎಂದು ಕೇಳಿದಳು. ಜಯಮಾಲಾಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇರಬಹುದು, ಇಲ್ಲದೆಯೂ ಇರಬಹುದು, ಅಣ್ಣನ ಒಂದು ಹನಿ ರಕ್ತವೂ ಈಗ ಇಲ್ಲ, ಯಾರಿಂದಲೂ ಹೇಳುವುದಾಗದು ಎಂದಳು. ಅವ್ವ ತಲೆಯಾಡಿಸಿದಳು.

‘ಹಾಲಿಂದ ಅಲ್ಲಲ್ಲ?’

ಜಯಮಾಲಾಳಿಗೆ ಪ್ರಶ್ನೆ ತಿಳಿಯಲಿಲ್ಲ. ಆಗ ಗುರುಬಾಯಿ ಶೇಂಗಾದ ಮೊರ ಪಕ್ಕಕ್ಕಿಟ್ಟು ಹೇಳಿದಳು. ಆ ಕೂಸು ಹೋದಾಗ ಮನೆಯ ಹಿರಿಯರು, ಸೊಸೆಯ ಹಾಲಿನಲ್ಲಿ ವಿಷವಿದೆ, ಕುಡಿದ ಕೂಸು ಅದಕ್ಕೇ ಹಳದಿಯಾಯಿತು ಎಂದಿದ್ದರು. ಅವಳು ನಂಬಿದಳು. ಆಮೇಲೆ ಹುಟ್ಟಿದ ಶಿವಕಾಂತಾಳಿಗೂ ಒಂದು ಹನಿ ಕುಡಿಸಲಿಲ್ಲ, ಜಯಮಾಲಾಳಿಗೂ ಕುಡಿಸಲಿಲ್ಲ. ಇಬ್ಬರನ್ನೂ ಆಡಿನ ಹಾಲಿನಲ್ಲಿ ಬೆಳೆಸಿದಳು. ಎದೆ ಕಟ್ಟಿ ನೋಯುವಾಗ ಹಿತ್ತಿಲಿಗೆ ಬಂದು ಮಣ್ಣಿಗೆ ಹಿಂಡಿ, ಯಾವ ಇರುವೆಯೂ ತಿನ್ನದಿರಲೆಂದು ಮೇಲೆ ಬೂದಿ ಮುಚ್ಚುತ್ತಿದ್ದಳು.

ಅದು ಗೊತ್ತಿಲ್ಲ, ಇದು ಖಚಿತವಿಲ್ಲ ಎನ್ನುವುದೇ ಜಯಮಾಲಾಳ ಕಸುಬು. ಈ ಒಂದಕ್ಕೆ ಮಾತ್ರ ಅವಳು ತಡವರಿಸಲಿಲ್ಲ.

‘ಹಾಲಿಂದ ಅಲ್ಲಬೇ ಅವ್ವ. ನಿನ್ನ ಹಾಲಿನ್ಯಾಗ ಏನೂ ಇದ್ದಿಲ್ಲ. ಇದನ್ನ ನಾ ಖರೇ ಹೇಳ್ತೇನಿ.’

ಗುರುಬಾಯಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಂಗೈಗೆ ಶೇಂಗಾದ ಸಿಪ್ಪೆ ಅಂಟಿತ್ತು.

‘ಹಂಗಾರ ನಿನಗ ಕುಡಸಬಹುದಿತ್ತು’ ಎಂದಳು.